ಉಸಿರಿನಷ್ಟು ಮನೆ

ಗೋಡೆ ಮತ್ತೆ ಸರಿದಿತ್ತು. ನೀಲವ್ವ ಬೆಳಿಗ್ಗೆ ಕಸ ಗುಡಿಸಲು ಹೋದಾಗ ಕಸಬರಿಗೆ ಅತ್ತೆಯ ಮಂಚದ ಆಚೆ ಹೋಗಲೇ ಇಲ್ಲ. ಹೋದ ವಾರ ಅಲ್ಲಿ ಒಬ್ಬರು ಓಡಾಡುವಷ್ಟು ಜಾಗವಿತ್ತು. ಈಗ ಮಂಚಕ್ಕೂ ಗೋಡೆಗೂ ನಡುವೆ ಕೈ ತೂರಿಸುವುದೇ ಕಷ್ಟ.

"ಅತ್ತೀ, ಮಂಚ ಈ ಕಡೆ ಸರಸ್ತೇನಿ. ಸ್ವಲ್ಪ ಗಟ್ಟಿ ಹಿಡ್ಕೋರಿ."

ಬಸಲಿಂಗವ್ವ ಎದೆಯ ಮೇಲಿಂದ ಕೈ ತೆಗೆಯದೆ ಹೇಳಿದಳು: "ಎಷ್ಟಂತ ಸರಸ್ತೀ ನೀಲಾ? ನಾಳೆ ಮತ್ತ ಬರ್ತೈತಿ ಅದು."

ನೀಲವ್ವ ಮಂಚವನ್ನು ಒಲೆಯ ಕಡೆಗೆ ಎಳೆದಳು. ಬೇರೆ ಕಡೆ ಜಾಗವಿರಲಿಲ್ಲ. ಮಂಚ ಸರಿದ ಸ್ವಲ್ಪ ಹೊತ್ತಿಗೆ ಚಾವಣಿಯಲ್ಲಿ ಸಣ್ಣಗೆ ಕಿರ್ ಎಂದಿತು. ತಡೆದು ನಿಂತಿದ್ದ ಗೋಡೆ ಹೊರಟಿತ್ತು.

ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆಯ ಬದಿಯಲ್ಲಿ, ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವಲ್ಲಿ, ಆಸರೆ ವಸತಿ ಎದ್ದು ನಿಂತು ಬಹಳ ವರ್ಷವಾಗಿರಲಿಲ್ಲ. ಬಡವರಿಗೆಂದು ಕಟ್ಟಿಸಿದ ಮನೆಗಳು ಮೊದಲೂ ಇದ್ದವು. ಅವುಗಳ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಅರ್ಧ ಜಾಗ ಖಾಲಿ ಬಿದ್ದಿರುತ್ತಿತ್ತು. ಪಕ್ಕದ ಅಷ್ಟೇ ದೊಡ್ಡ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳಾದಿಯಾಗಿ ಎಲ್ಲರೂ ಕಾಲು ಮಡಚಿ ಮಲಗುತ್ತಿದ್ದರು. ಹೊರಗೆ ತಗಡಿನ ಶೆಡ್ಡುಗಳಲ್ಲಿ ಮನೆಯೇ ಸಿಗದವರು ಕಾಯುತ್ತಿದ್ದರು. ಇರುವ ಜನಕ್ಕೆ ತಕ್ಕಂತೆ ಮನೆಯೇ ಹಿಗ್ಗಿ ಕುಗ್ಗಿದರೆ ಹೇಗೆ ಎಂದು ಯಾರೋ ಯೋಚಿಸಿದರು. ಆ ಯೋಚನೆಯಿಂದ ಹುಟ್ಟಿದ ಕಟ್ಟಡ ಇದು.

ಅಡುಗೆ ಕಟ್ಟೆ ಮತ್ತು ಬಚ್ಚಲು ಇದ್ದಲ್ಲೇ ಇರುತ್ತಿದ್ದವು. ಎರಡು ಮನೆಗಳ ನಡುವಿನ ಗೋಡೆ ಮಾತ್ರ ಹತ್ತಿಕಟ್ಟಿಗೆಯನ್ನು ಪುಡಿಮಾಡಿ ಒತ್ತಿದ ಹಗುರ ಹಲಗೆಗಳದ್ದು. ಚಾವಣಿಯಲ್ಲಿ ಗಾಲಿ, ನೆಲದಲ್ಲಿ ಸಪೂರ ಹಳಿ. ಹಗಲೆಲ್ಲ ಅದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಆಚೆಗೋ ಈಚೆಗೋ ಸರಿಯುತ್ತಿತ್ತು. ಏನಾದರೂ ತಾಗಿದರೆ ನಿಲ್ಲುತ್ತಿತ್ತು, ತಾಗಿದ್ದು ದೂರವಾದರೆ ಮತ್ತೆ ಹೊರಡುತ್ತಿತ್ತು. ಯಾರಿಗೆ ಎಷ್ಟು ಜಾಗ ಎಂಬುದನ್ನು ಉಸಿರು ನಿರ್ಧರಿಸುತ್ತಿತ್ತು. ಮೊದಲು ತಲೆ ಎಣಿಸಿ ನೋಡಿದ್ದರು. ಎಣಿಸುವ ದಿನ ಬೀಗರು ನೆಂಟರೆಲ್ಲ ಬಂದು ಕೂತರು. ಕ್ಯಾಮೆರಾ ಹಾಕಲು ಹೋದಾಗ ಹೆಂಗಸರು ಬಾಗಿಲಲ್ಲೇ ತಡೆದರು. ಕೊನೆಗೆ ಚಾವಣಿಗೆ ಅಂಗೈ ಅಗಲದ ಉಸಿರುಮಾಪಕ ಬಂತು. ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡನ್ನೂ ತೇವವನ್ನೂ ಅಳೆದು, ಒಲೆಯದನ್ನು ಕಳೆದು, ಈ ಮನೆಯಲ್ಲಿ ಎಷ್ಟು ಜೀವ ಬಾಳುತ್ತಿದೆ ಎಂದು ಅದು ನಿಯಂತ್ರಣ ಕೊಠಡಿಗೆ ತಿಳಿಸುತ್ತಿತ್ತು.

ಜನ ಅದಕ್ಕೂ ಹೊಂದಿಕೊಂಡರು. ಮಗಳು ಬಾಣಂತನಕ್ಕೆ ಬಂದರೆ ಗೋಡೆ ಹಿಂದೆ ಸರಿಯುತ್ತಿತ್ತು. ಗೋವಾಕ್ಕೆ ದುಡಿಯಲು ಹೋದ ಮಗ ತಡಮಾಡಿದರೆ ಅವನ ಟ್ರಂಕು ಇಡುವ ಜಾಗ ಹೋಗುತ್ತಿತ್ತು. ಒಬ್ಬರು ಆಡು ಸಾಕಿ, ಅದರ ಉಸಿರಿಗೆ ಒಂದು ಮೂಲೆ ಗಿಟ್ಟಿಸಿದ್ದರು. ಮಕ್ಕಳನ್ನು ಮನೆಯೊಳಗೇ ಹಗ್ಗ ಜಿಗಿಸುವ ತಾಯಂದಿರಿದ್ದರು. ಆದರೂ ಒಳಗೊಂದು ತಳಮಳ ಎಲ್ಲರಿಗೂ ಇತ್ತು. ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಗೋಡೆಯ ಕಡೆ ನೋಡುತ್ತಿದ್ದರು.

ನೀಲವ್ವನ ಮನೆಯಲ್ಲಿ ಅವಳು, ಅತ್ತೆ ಬಸಲಿಂಗವ್ವ, ಕಾಲೇಜಿಗೆ ಹೋಗುವ ಮಗಳು ಶಿವಲೀಲಾ. ಗಂಡ ತೀರಿಹೋದ ಮೇಲೆ ನೀಲವ್ವ ಊರಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಒಲೆಯ ಮುಂದೆ ನೆಲದ ಮೇಲೆ ಕೂತು ಬಡಿಯಬೇಕು, ಪಕ್ಕದಲ್ಲಿ ಹಿಟ್ಟಿನ ಡಬ್ಬಿ, ಬುಟ್ಟಿ, ಆರಲು ಹಾಕುವ ಬಟ್ಟೆ. ಗೋಡೆ ಬಂದಂತೆಲ್ಲ ಅತ್ತೆಯ ಮಂಚ ಆ ಹಿಟ್ಟಿನ ಧೂಳಿಗೆ, ಆ ಹೊಗೆಗೆ ಹತ್ತಿರವಾಗುತ್ತಿತ್ತು.

ಅಂದು ರೊಟ್ಟಿ ಕಳಿಸಿಕೊಟ್ಟು ಅವಳು ನೇರ ನಿಯಂತ್ರಣ ಕೊಠಡಿಗೆ ಹೋದಳು.

ಕೊಠಡಿ ಕಟ್ಟಡದ ನೆಲಮಹಡಿಯಲ್ಲಿತ್ತು. ಗೋಡೆಯಗಲದ ಪರದೆಯ ಮೇಲೆ ಒಂದೊಂದು ಮನೆಗೂ ಒಂದೊಂದು ಚೌಕ, ಒಳಗೆ ಮೆಲ್ಲಗೆ ಏರಿಳಿಯುವ ಬಣ್ಣ. ಇಡೀ ಕಟ್ಟಡ ನಿದ್ದೆಯಲ್ಲಿ ಉಸಿರಾಡಿದಂತೆ ಕಾಣುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಝೀನತ್ ನದಾಫ್, ಬೆಟಗೇರಿಯ ಹುಡುಗಿ. ಮೂವತ್ತು ದಾಟಿರಲಿಲ್ಲ.

"ಬಾಯಾರ, ನಮ್ಮ ಮನ್ಯಾಗ ಮೂರು ಮಂದಿ ಅದೇವಿ. ಯಾರೂ ಎಲ್ಲೂ ಹೋಗಿಲ್ಲ. ಆದ್ರೂ ಗ್ವಾಡಿ ಒಳಗ ಬರಾಕತ್ತೈತಿ," ಎಂದಳು ನೀಲವ್ವ.

ಝೀನತ್ ಅವಳ ಮನೆಯ ಚೌಕ ತೆರೆದಳು. "ಎರಡು ಮಂದಿ, ಮ್ಯಾಲೊಂದು ಚೂರು ಅಂತ ತೋರಸ್ತೈತ್ರಿ ಇದು."

"ಚೂರು ಅಂದ್ರ?"

ಝೀನತ್‌ಗೆ ಆ ಅಂಕಿಯ ಮೇಲೆ ಅನುಮಾನ ಬಂತು. ಮಾಪಕ ಕೆಟ್ಟಿರಬಹುದು ಎಂದುಕೊಂಡು ಬೇರೊಂದು ಮಾಪಕವನ್ನು ಚೀಲದಲ್ಲಿ ಹಾಕಿಕೊಂಡು ನೀಲವ್ವನ ಜೊತೆಗೇ ಮೆಟ್ಟಿಲು ಹತ್ತಿದಳು.

ಮಾಪಕ ಸರಿಯಾಗಿಯೇ ಇತ್ತು. ಅದನ್ನು ಬಿಚ್ಚಿ ನೋಡುತ್ತಿದ್ದಾಗ ಹಿಂದಿನಿಂದ ಕೆಮ್ಮು ಕೇಳಿತು. ಒಣ ಕೆಮ್ಮು, ಕೊನೆಯಲ್ಲಿ ಸಿಳ್ಳೆಯಂಥ ಎಳೆತ. ಝೀನತ್ ಸ್ಟೂಲಿನ ಮೇಲೆ ನಿಂತಲ್ಲೇ ತಿರುಗಿದಳು. ಆ ಕೆಮ್ಮನ್ನು ಅವಳು ಹುಟ್ಟಿದಾಗಿನಿಂದ ತನ್ನ ಮನೆಯಲ್ಲಿ ಕೇಳಿದ್ದಳು.

"ಅಜ್ಜೀ, ನೀವು ಹತ್ತಿ ಕೆಲಸ ಮಾಡಿದ್ರೇನ್ರಿ?"

"ಜಿನ್ನಿನ್ಯಾಗ, ಹತ್ತಿ ಬೀಜ ಬಿಡಸೂ ಮಿಲ್ಲಿನ್ಯಾಗ. ಲಗ್ನ ಆಗಿ ಬಂದಾಗಿಂದ ಕೈ ನಡಗೂತನ." ಬಸಲಿಂಗವ್ವ ನಡುನಡುವೆ ಉಸಿರಿಗಾಗಿ ತಡೆದು ಹೇಳಿದಳು. "ಹತ್ತಿ ಎದಿಯಾಗ ಕುಂತೈತಿ. ಎದ್ದು ಹ್ವಾದ್ರ ನನ್ನ ಜೊತೀಗೇ ಹೊಕ್ಕೈತಿ."

ಝೀನತ್ ಕೆಳಗಿಳಿದು ಮಂಚದ ಬದಿಗೆ ಕೂತಳು. ಎಲುಬು ಕಾಣುವ ಮೈ, ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿ, ಮೇಲುಸಿರು. ಇಂಥ ದೇಹ ಬಿಡುವ ಗಾಳಿ ಎಷ್ಟು? ಮಾಪಕ ಇವಳನ್ನು ಪೂರ್ತಿ ಒಂದು ಜೀವವೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉಸಿರು ಕಡಿಮೆಯಾದಷ್ಟು ಗೋಡೆ ಒಳಬರುತ್ತಿತ್ತು. ಗೋಡೆ ಬಂದಷ್ಟು ಮಂಚ ಒಲೆಯ ಹತ್ತಿರ ಹೋಗುತ್ತಿತ್ತು. ಹೊಗೆಗೆ, ಹಿಟ್ಟಿನ ಧೂಳಿಗೆ ಉಸಿರು ಇನ್ನಷ್ಟು ಕಟ್ಟುತ್ತಿತ್ತು.

"ನನಗ ಗೊತ್ತಾಗೈತಿ ಬಾಯಿ," ಎಂದಳು ಮುದುಕಿ. "ನಾ ಎಷ್ಟು ಉಳದೇನಿ ಅಂತ ಅದು ದಿನಾ ಅಳ್ಯಾಕತ್ತೈತಿ. ಅದನ್ನ ನೋಡಬಾರ್ದಂತ ನಾ ಈ ಕಡೆ ಮಾರಿ ಮಾಡಿ ಮಲಗ್ತೇನಿ."

ಆಗಲೇ ಗೋಡೆಯ ಆಚೆಯಿಂದ ಎರಡು ಕೂಸುಗಳು ಒಟ್ಟಿಗೆ ಅಳತೊಡಗಿದವು. ಅದು ಥಾವರಪ್ಪ ಲಮಾಣಿಯ ಮನೆ. ಅವನು ಟಂಟಂ ಆಟೊ ಓಡಿಸುತ್ತಿದ್ದ. ಹೆಂಡತಿ ಲಲಿತಾಬಾಯಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಈಗ ಹುಟ್ಟಿದ ಅವಳಿ ಗಂಡುಕೂಸುಗಳು. ನೀಲವ್ವನಿಂದ ಹೋದ ಜಾಗ ಮೊದಲು ಅಲ್ಲಿಗೆ ಸೇರುತ್ತಿತ್ತು. ಝೀನತ್ ಅಲ್ಲಿಗೂ ಹೋಗಿ ನೋಡಿದಳು. ಎರಡು ತೊಟ್ಟಿಲು, ಒಣಹಾಕಿದ ಬಟ್ಟೆ, ಮಕ್ಕಳ ಪಾಟಿಚೀಲ, ಕಾಲಿಡಲು ಹುಡುಕಬೇಕಾಗಿತ್ತು. ಅಲ್ಲಿ ಸೇರಿದ ಜಾಗ ದಂಡವಾಗಿತ್ತು ಎಂದು ಯಾರೂ ಹೇಳುವಂತಿರಲಿಲ್ಲ.

ಝೀನತ್ ಕೊಠಡಿಗೆ ಮರಳಿ ಇಡೀ ಕಟ್ಟಡದ ಚೌಕಗಳನ್ನು ಒಂದೊಂದಾಗಿ ತೆರೆದಳು. ಎಲ್ಲೆಲ್ಲಿ ಗೋಡೆ ಬಿಡದೆ ಒಳಬರುತ್ತಿತ್ತೋ ಅಲ್ಲೆಲ್ಲ ಫೋನ್ ಮಾಡಿ ವಿಚಾರಿಸಿದಳು. ಒಂದು ಮನೆಯಲ್ಲಿ ಲಕ್ವ ಹೊಡೆದ ತಂದೆ. ಇನ್ನೊಂದರಲ್ಲಿ ಊಟ ಬಿಟ್ಟು ಕೂತ ವಿಧವೆ. ಮತ್ತೊಂದರಲ್ಲಿ ಹುಟ್ಟಿದಾಗಿನಿಂದ ಕೈಕಾಲು ಆಡಿಸದ ಹುಡುಗಿ. ಮನೆ ಬಿಟ್ಟು ಹೋದವರನ್ನೂ, ಮನೆಯೊಳಗೇ ಸೊರಗುತ್ತಿದ್ದವರನ್ನೂ ಯಂತ್ರ ಒಂದೇ ರೀತಿ ಕಳೆಯುತ್ತಿತ್ತು.

ಮುಖ್ಯ ಇಂಜಿನಿಯರ್ ಪ್ರಹ್ಲಾದ ಇನಾಮದಾರ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಅವರು ಕೆಟ್ಟವರಲ್ಲ. ಈ ಕಟ್ಟಡಕ್ಕಾಗಿ ಅಲೆದಾಡಿ ಅವರ ತಲೆಗೂದಲು ಬೆಳ್ಳಗಾಗಿತ್ತು.

"ಝೀನತ್, ಕಿಡಕಿಯಿಂದ ನೋಡ್ರಿ," ಎಂದರು. ಕಿಟಕಿಯಾಚೆ ತಗಡಿನ ಶೆಡ್ಡುಗಳ ಸಾಲು ಬಿಸಿಲಿಗೆ ಹೊಳೆಯುತ್ತಿತ್ತು. "ಒಂದೊಂದು ಮನ್ಯಾಗ ಉಳಿದ ಗೇಣು ಜಾಗ ಗ್ವಾಡಿಯಿಂದ ಗ್ವಾಡಿಗೆ ಸರದು ಮಹಡಿ ತುದಿಗೆ ಕೂಡ್ತದ. ಅಲ್ಲಿ ಆ ಶೆಡ್ಡಿನವರಿಗೆ ಮನಿ ಮಾಡಿಕೊಡ್ತೇವಿ. ಒಂದು ಗ್ವಾಡಿ ನಿಲ್ಲಿಸಿದ್ರ ಅಲ್ಲಿ ಒಬ್ಬರ ಪಾಳಿ ಮುಂದಕ್ಕ ಹೋಗ್ತದ. ಅದನ್ನ ಅವರಿಗೆ ಹೇಳಾವ್ರು ಯಾರು?"

"ಹಂಗಂತ ಮುದುಕಿನ್ನ ಒಲೀ ಮ್ಯಾಲೆ ನೂಕೂದೇನ್ರಿ ಸರ್?"

ಇನಾಮದಾರರು ಕನ್ನಡಕ ತೆಗೆದು ಒರೆಸಿಕೊಂಡರು. "ಸ್ವಲ್ಪ ದಿನ ಆ ಒಂದು ಗ್ವಾಡಿ ನಿಲ್ಲಸ್ರಿ. ಆಮ್ಯಾಲೆ ನೋಡೋಣು."

ಗೋಡೆ ನಿಂತಿತು. ಆದರೆ ನೆಮ್ಮದಿ ಬರಲಿಲ್ಲ. ಅವಳಿಗಳು ಬೆಳೆಯುತ್ತಿದ್ದವು, ಅವರ ಮನೆ ಬೆಳೆಯುತ್ತಿರಲಿಲ್ಲ. ಥಾವರಪ್ಪ ಕೆಳಗೆ ಟಂಟಂನಲ್ಲೇ ಮಲಗಲು ಶುರುಮಾಡಿದ. ಅಲ್ಲಿಯವರೆಗೆ ನೀಲವ್ವ ಬಿಸಿ ರೊಟ್ಟಿ ಕೊಟ್ಟರೆ ಲಲಿತಾ ಕೆಂಪು ಖಾರ ಕೊಡುತ್ತಿದ್ದಳು. ಈಗ ಇಬ್ಬರೂ ಮೆಟ್ಟಿಲಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಒಂದು ದಿನ ನಲ್ಲಿಯ ಹತ್ತಿರ ಲಲಿತಾ ತಡೆದುಕೊಳ್ಳಲಾಗದೆ ಅಂದೇಬಿಟ್ಟಳು:

"ನಿಮ್ಮ ಅತ್ತಿ ಕಾಣ್ತಾರ ಅವರಿಗೆ. ನನ್ನ ಕೂಸು ಕಾಣೂದಿಲ್ಲ."

"ನಿನ್ನ ಕೂಸು ಇಂದಿಲ್ಲ ನಾಳೆ ಹೊರಗ ಓಡ್ಯಾಡ್ತಾವು ಲಲಿತಾ. ನಮ್ಮ ಅತ್ತಿ ಎಲ್ಲಿ ಹೋಗಬೇಕು?"

"ನಾ ಏನ್ ಹೋಗ್ರಿ ಅಂದ್ನೇನು?"

ಕೊಡ ತುಂಬಿ ಹರಿಯುತ್ತಿದ್ದರೂ ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಆ ಸಂಜೆ ಝೀನತ್ ಬೆಟಗೇರಿಯ ತನ್ನ ಬಾಡಿಗೆ ಮನೆಗೆ ಹೋದಾಗ ತಂದೆ ಮೌಲಾಸಾಬ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದ. ಗಾದಿಗೆ ಹತ್ತಿ ಹಿಂಜಿ ಹಿಂಜಿ ಅವನ ಎದೆಯೂ ಹೋಗಿತ್ತು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಗಳು ಚಹಾ ಮಾಡಿಕೊಟ್ಟು, ಆ ಮುದುಕಿಯ ಸಂಗತಿ ಹೇಳಿದಳು.

ಮೌಲಾಸಾಬ ಬಸಿಯಲ್ಲಿ ಚಹಾ ಆರಿಸಿ ಕುಡಿದ. ಆಮೇಲೆ ಕೇಳಿದ: "ನಮ್ಮ ಮನ್ಯಾಗ ಅಂಥಾ ಗ್ವಾಡಿ ಇದ್ದಿದ್ರ ನನಗ ಎಷ್ಟು ಜಾಗ ಬಿಡ್ತಿತ್ತವಾ?"

"ಏನರೆ ಕೇಳ್ತೀ ನೀ ಅಪ್ಪಾ."

"ಅಲ್ಲ, ನೀ ಲೆಕ್ಕ ಬಲ್ಲಾಕಿ. ಅದಕ್ಕ ಕೇಳಿದೆ."

ಅವಳು ಬಸಿ ತೊಳೆಯುವ ನೆವದಲ್ಲಿ ಒಳಗೆ ಹೋದಳು. ಲೆಕ್ಕ ಅವಳಿಗೆ ಬರುತ್ತಿತ್ತು. ಬೇಡವೆಂದರೂ ಅದು ತಲೆಯಲ್ಲಿ ತಾನೇ ನಡೆಯುತ್ತಿತ್ತು.

ಮರುದಿನ ಅವಳು ಎರಡೂ ಮನೆಯವರನ್ನು ಮನೆಗಳ ಮುಂದಿನ ಉದ್ದನೆಯ ಪಡಸಾಲೆಗೆ ಕರೆದಳು. ಗೋಡೆಯನ್ನು ಬಹಳ ದಿನ ಹೀಗೆ ನಿಲ್ಲಿಸಲಾಗದು, ಏನಾದರೂ ದಾರಿ ಹುಡುಕೋಣ ಎಂದಳು. ಮಾತು ಬೇಗನೆ ಜಗಳಕ್ಕೆ ತಿರುಗಿತು. ಥಾವರಪ್ಪ ಮೇಲಿನವರಿಗೆ ದೂರು ಕೊಡುತ್ತೇನೆ ಎಂದ. ನೀಲವ್ವ ಕೊಡು ಎಂದಳು. ಅಷ್ಟರಲ್ಲಿ ಒಳಗಿನಿಂದ ಶಿವಲೀಲಾ ಬಂದು, "ಅಮ್ಮ ಕರಿಯಾಕತ್ತಾಳ, ಎಲ್ಲಾರ್ನೂ," ಎಂದಳು. ಅಜ್ಜಿಯನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದಳು.

ಎಲ್ಲರೂ ಮಂಚದ ಸುತ್ತ ನಿಂತಾಗ ಮನೆ ತುಂಬಿಹೋಯಿತು. ಬಸಲಿಂಗವ್ವ ಲಲಿತಾಳನ್ನು ನೋಡಿ ಕೇಳಿದಳು: "ನಿಮ್ಮ ಕಡೆ ಪಡುವಣಕ್ಕ ಕಿಡಕಿ ಐತೇನವಾ?"

"ಐತ್ರಿ."

"ಗಾಳಿ ಬರ್ತೈತಿ?"

"ಜೋರ ಬರ್ತೈತ್ರಿ. ಕೂಸಿಗೆ ಥಂಡಿ ಆಗ್ತೈತಂತ ಅರಬಿ ಕಟ್ಟೇನಿ."

"ನಿಮಗ ಬ್ಯಾಡಾದ ಗಾಳಿ ನನಗ ಬೇಕಾಗೈತಿ," ಎಂದಳು ಮುದುಕಿ. ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಒಂದೀಟ ಹೊತ್ತು ಅಲ್ಲಿ ನನ್ನ ಮಲಗಸ್ರಿ. ತೊಟ್ಲಾ ಈ ಕಡೆ ತಗೊಂಬರ್ರಿ. ಒಲಿ ಮಾತ್ರ ಅವರದು ಅವರಿಗೆ, ನಮ್ಮದು ನಮಗ ಇರ್ಲಿ. ಅಷ್ಟ."

ಲಲಿತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಆಮೇಲೆ ಝೀನತ್‌ಳನ್ನು ನೋಡದೆಯೇ ಹೇಳಿದಳು: "ದಿನಾ ಮಂಚ ಹೊತ್ತು ಪಡಸಾಲಿ ಸುತ್ತಿ ತರೂದಕ್ಕಿಂತ ನಡುವಿನ ಗ್ವಾಡೀನ ತಗದ್ರ ಆತಲ್ರಿ."

ದೊಡ್ಡ ಸಾಮಾನು ಸಾಗಿಸುವಾಗ ಹಲಗೆಗಳನ್ನು ಒಂದರ ಮೇಲೊಂದು ಮಡಚಿ ಮೂಲೆಗೆ ಸರಿಸುವ ಅನುಕೂಲ ಆ ಗೋಡೆಗಳಲ್ಲಿತ್ತು. ಝೀನತ್ ಯಾರನ್ನೂ ಕೇಳಲಿಲ್ಲ. ಅಂಗಡಿಯ ಬಾಗಿಲ ಹಲಗೆಗಳಂತೆ ಗೋಡೆ ಮಡಚಿಕೊಂಡು ಮೂಲೆಯಲ್ಲಿ ನಿಂತಿತು. ಎರಡು ಮನೆ ಒಂದೇ ಉದ್ದನೆಯ ಕೋಣೆಯಾಯಿತು. ಪಡುವಣದ ಕಿಟಕಿಗೆ ಕಟ್ಟಿದ ಬಟ್ಟೆ ಬಿಚ್ಚಿದಾಗ ಕಪ್ಪತಗುಡ್ಡದ ಕಡೆಯ ಗಾಳಿ ನುಗ್ಗಿ ಕ್ಯಾಲೆಂಡರಿನ ಹಾಳೆಗಳನ್ನು ಹಾರಿಸಿತು.

ಒಟ್ಟಿಗೆ ಇರುವುದು ಸುಲಭವಾಗಿರಲಿಲ್ಲ. ಕೂಸುಗಳ ಅಳುವಿನಲ್ಲಿ ಶಿವಲೀಲಾಳಿಗೆ ಓದಲಾಗುತ್ತಿರಲಿಲ್ಲ, ಪುಸ್ತಕ ಹಿಡಿದು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ನಸುಕಿನಲ್ಲೇ ಶುರುವಾಗುವ ರೊಟ್ಟಿಯ ಸಪ್ಪಳ ಲಲಿತಾಳಿಗೆ ಆಗುತ್ತಿರಲಿಲ್ಲ. ನಡುವೆ ಒಂದು ಹಳೆಯ ಸೀರೆ ಕಟ್ಟಿದರು; ಗಾಳಿಗೆ ಅದು ನಿಲ್ಲುತ್ತಿರಲಿಲ್ಲ. ಯಾರ ಚೊಂಬು ಯಾರು ತೆಗೆದರು ಎಂಬುದಕ್ಕೂ ಮಾತು ಬರುತ್ತಿತ್ತು. ಆದರೆ ಬಸಲಿಂಗವ್ವ ಕಿಟಕಿಯ ಪಕ್ಕದಲ್ಲಿ ದಿಂಬಿಗೊರಗಿ ಕೂರುವಂತಾದಳು. ಥಾವರಪ್ಪನಿಗೆ ಎಲೆ ಅಡಿಕೆ ತರಲು ಹೇಳುತ್ತಿದ್ದಳು, ತಂದರೆ ಎಲೆ ಬಾಡಿದೆ ಎಂದು ಬೈಯುತ್ತಿದ್ದಳು. ಅವನು, "ನಮ್ಮವ್ವಾನೂ ಇಷ್ಟು ಬೈದಿಲ್ಲ ನನಗ," ಎನ್ನುತ್ತ ಮರುದಿನ ಬೇರೆ ಅಂಗಡಿಯಿಂದ ತರುತ್ತಿದ್ದ.

ಕೆಳಗೆ ಪರದೆಯ ಮೇಲೆ ಎರಡು ಚೌಕ ಸೇರಿ ಒಂದಾಗಿತ್ತು. ಅಲ್ಲಿಯ ಬಣ್ಣ ಸಮವಾಗಿ ಏರಿಳಿಯುತ್ತಿತ್ತು. ಇನಾಮದಾರರ ಕಣ್ಣಿಗೆ ಅದು ಯಾವತ್ತು ಬೀಳುತ್ತದೋ ಎಂಬ ಆತಂಕದಲ್ಲೇ ಝೀನತ್ ದಿನ ಕಳೆಯುತ್ತಿದ್ದಳು.

ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಶಿವಲೀಲಾಳ ಫೋನ್ ಬಂತು.

"ಮೇಡಂ, ಅಮ್ಮ ಹೋದ್ಳು." ಹುಡುಗಿಯ ದನಿ ನಡುಗುತ್ತಿರಲಿಲ್ಲ. ಅಳು ಇನ್ನೂ ಹತ್ತಿರ ಬಂದಿರಲಿಲ್ಲ. "ಊಟ ಮಾಡಿ ಮಕ್ಕೊಂಡಿದ್ಲು. ಲಲಿತಕ್ಕ ಎಬ್ಬಸಾಕ ಹೋದ್ಲು, ಏಳಲಿಲ್ಲ."

ಝೀನತ್ ಫೋನ್ ಹಿಡಿದುಕೊಂಡೇ ಪರದೆಯತ್ತ ನೋಡಿದಳು. ಆ ಮನೆಯ ಬಣ್ಣ ಬೆಳಗಿನಿಂದ ಹೇಗಿತ್ತೋ ಹಾಗೇ ಇತ್ತು. ಹಿಂದಿನ ದಿನಗಳನ್ನು ತೆಗೆದು ನೋಡಿದಳು. ಅವಳಿಗಳು ಅಂಬೆಗಾಲಿಡಲು ಕಲಿತಿದ್ದವು, ದಿನವಿಡೀ ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದವು. ಮುದುಕಿಯ ಉಸಿರು ಇಳಿದಷ್ಟೂ ಆ ಎರಡು ಮಕ್ಕಳ ಉಸಿರು ಏರಿತ್ತು. ಒಬ್ಬಳು ಹೋದದ್ದು ಅಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಇಷ್ಟು ದಿನ ಮುದುಕಿಯನ್ನು ಚೂರುಚೂರಾಗಿ ಕಳೆದ ಯಂತ್ರಕ್ಕೆ ಅವಳು ಪೂರ್ತಿ ಹೋದಾಗ ಗೊತ್ತೇ ಆಗಲಿಲ್ಲ. ಝೀನತ್ ಪರದೆಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಮೇಲೆ ಹೋದಳು. ನೀಲವ್ವ ಅತ್ತೆಯ ಕಾಲ ಬಳಿ ಕೂತಿದ್ದಳು. ಲಲಿತಾ ಒಂದು ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದವರಿಗೆ ನೀರು ಕೊಡುತ್ತಿದ್ದಳು.

ಸುದ್ದಿ ಇನಾಮದಾರರಿಗೂ ಮುಟ್ಟಿತು, ಅದರ ಜೊತೆಗೆ ಮಡಚಿದ ಗೋಡೆಯ ಸುದ್ದಿಯೂ. ಅವರು ಕೂಗಾಡಲಿಲ್ಲ. "ದಿನಕರ್ಮ ಮುಗೀಲಿ. ಆಮ್ಯಾಲೆ ಗ್ವಾಡಿ ಹಾಕಿಬಿಡ್ರಿ," ಎಂದಷ್ಟೇ ಹೇಳಿದರು.

ಕರ್ಮಗಳೆಲ್ಲ ಮುಗಿದ ಮೇಲೆ ಝೀನತ್ ಹೋದಾಗ ನೀಲವ್ವ ಮತ್ತು ಲಲಿತಾ ಇಬ್ಬರೂ ಕಾಯುತ್ತಿದ್ದಂತೆ ಕಂಡಿತು.

"ಹಾಕ್ರಿ," ಎಂದಳು ನೀಲವ್ವ. "ಗ್ವಾಡಿ ನನಗೂ ಬೇಕು. ಹುಡುಗಿ ಓದಬೇಕ್ರಿ, ಪರೀಕ್ಷಾ ಬಂದೈತಿ."

"ನಮಗೂ ಬೇಕ್ರಿ," ಎಂದಳು ಲಲಿತಾ. "ಆದ್ರ ನಡುವ ಒಂದು ಬಾಗ್ಲಾ ಇಡಸ್ರಿ. ಒಳ್ಳೇದು ಕೆಟ್ಟದ್ದಕ್ಕ ಕರದ್ರ ಪಡಸಾಲಿ ಸುತ್ತಿ ಬರಾಕ ಆಗೂದಿಲ್ಲ. ಅಜ್ಜಿ ಹೋದ ದಿನ ನಡುವ ಗ್ವಾಡಿ ಇದ್ದಿದ್ರ ನನಗ ಏನೂ ಗೊತ್ತಾಗ್ತಿದ್ದಿಲ್ಲ."

ಝೀನತ್ ನೆಲದ ಹಳಿಯನ್ನೇ ನೋಡುತ್ತ ನಿಂತಳು. "ಬಾಗ್ಲಾ ಇಡಬೇಕಂದ್ರ ಚೌಕಟ್ಟನ್ನ ನೆಲಕ್ಕ ಕಚ್ಚಸಬೇಕಾಗ್ತೈತ್ರಿ. ಆಮ್ಯಾಲೆ ಗ್ವಾಡಿ ಸರಿಯೂದಿಲ್ಲ. ಎಲ್ಲಿ ನಿಲ್ಲಸ್ತೀರಿ, ಅಲ್ಲೇ ಇರ್ತೈತಿ. ನಾಳೆ ನಿಮ್ಮ ಮನ್ಯಾಗ ಮಂದಿ ಹೆಚ್ಚಾದ್ರೂ ಅಷ್ಟ, ಕಡಿಮಿ ಆದ್ರೂ ಅಷ್ಟ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಶುರುವಾದದ್ದು ಚೌಕಾಸಿ. ನೀಲವ್ವ ರೊಟ್ಟಿ ಬಡಿಯುವ ಜಾಗದಲ್ಲಿ ಕಾಲು ಚಾಚಿ ಕೂತು, ಇಷ್ಟು ಬೇಕೇಬೇಕು ಎಂದಳು. ಲಲಿತಾ ತೊಟ್ಟಿಲು ತಂದು ಅದರ ಮುಂದೆ ಇಟ್ಟಳು. ನೀಲವ್ವ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. ಲಲಿತಾ ತೊಟ್ಟಿಲನ್ನು ಅಡ್ಡ ತಿರುಗಿಸಿದಳು. ಅತ್ತೆಯ ಮಂಚ ಇದ್ದಷ್ಟು ಜಾಗ ಕೂಸುಗಳಿಗೆ ಹೋಗಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ನೀಲವ್ವನೇ ಎದ್ದು ಹೋಗಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಳು. ಅದು ಅವಳಿಗೆ ಬೇಕಾದದ್ದಕ್ಕಿಂತ ಕಡಿಮೆ, ಲಲಿತಾಳಿಗೆ ಬೇಕಾದದ್ದಕ್ಕಿಂತಲೂ ಕಡಿಮೆ.

ಬೆಟಗೇರಿಯಿಂದ ಬಡಿಗರು ಬಂದು ಚೌಕಟ್ಟು ಕೂರಿಸಿದರು. ಮರುದಿನ ಬೆಳಿಗ್ಗೆ ನೀಲವ್ವ ಎದ್ದವಳು ಅಭ್ಯಾಸದಂತೆ ಮೊದಲು ಗೋಡೆಯ ಬುಡ ನೋಡಿದಳು. ಅದು ಗೆರೆಯ ಮೇಲೇ ಇತ್ತು. ಅವಳಿಗೆ ಅಳು ಬಂತು, ಅತ್ತೆ ಸತ್ತ ದಿನ ಬಾರದಿದ್ದ ಅಳು. ಹಿಟ್ಟು ನಾದುತ್ತಲೇ ಅತ್ತಳು.

ಬಾಗಿಲಿನ ಸುದ್ದಿ ಕಟ್ಟಡದಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ಲಕ್ವ ಹೊಡೆದವನ ಮಕ್ಕಳು ಬಂದರು. ಕೈಕಾಲು ಆಡಿಸದ ಹುಡುಗಿಯ ತಾಯಿ ಬಂದಳು. ನಮಗೂ ಒಂದು ಬಾಗಿಲು, ನಮಗೂ ಒಂದು ಎಂದು ಕೊಠಡಿಯ ಮುಂದೆ ಜನ ನಿಂತರು. ಇನಾಮದಾರರು ಝೀನತ್‌ಳನ್ನು ಒಳಗೆ ಕರೆದರು.

"ಅವರು ಕೇಳೂದು ತಪ್ಪಲ್ಲ," ಎಂದರು. "ಆದ್ರ ಶೆಡ್ಡಿನ್ಯಾಗ ದುರ್ಗವ್ವ ಅಂತ ಒಬ್ಬಾಕಿ ಅದಾಳ, ಗೊತ್ತೇನು? ಈ ಸಲ ಆಕೀ ಪಾಳಿ ಇತ್ತು. ಆ ಮಹಡ್ಯಾಗ ಕೂಡಬೇಕಾಗಿದ್ದ ಜಾಗ ನಿಮ್ಮ ಬಾಗಲದಾಗ ಹೋತು. ಹೋಗಿ ನೀವೇ ಹೇಳಿ ಬರ್ರಿ."

ಅವರು ಅದನ್ನು ಶಿಕ್ಷೆಯೆಂದು ಹೇಳಿದರೋ ಇಲ್ಲವೋ, ಝೀನತ್ ಹೋದಳು.

ದುರ್ಗವ್ವ ಗುಜರಿ ಆರಿಸಿ ಬದುಕುವವಳು. ಗಂಡ, ನಾಲ್ಕು ಮಕ್ಕಳು, ಕಣ್ಣು ಕಾಣದ ತಾಯಿ, ಎಲ್ಲರೂ ಒಂದೇ ಶೆಡ್ಡಿನಲ್ಲಿದ್ದರು. ತಗಡು ಕಾದು ಒಳಗೆ ನಿಲ್ಲಲಾಗುತ್ತಿರಲಿಲ್ಲ. ಝೀನತ್ ಬಾಗಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಮುದುಕಿಯ ವಿಷಯ, ಮಡಚಿದ ಗೋಡೆ, ಬಾಗಿಲು. ತಾನೇ ಮಾಡಿಸಿದ್ದು ಎಂದೂ ಹೇಳಿದಳು.

ದುರ್ಗವ್ವ ಬಾ‌ಟಲಿಗಳ ಮುಚ್ಚಳ ತೆಗೆದು ಬೇರೆ ಹಾಕುತ್ತಲೇ ಕೇಳಿದಳು. ಮುಗಿದ ಮೇಲೆ ಕೈ ನಿಲ್ಲಿಸಿದಳು.

"ಆ ಅಮ್ಮಗ ಕಡೀಕ ಸ್ವಲ್ಪ ಗಾಳಿ ಸಿಕ್ತಲ್ರಿ, ಚಲೋ ಆತು," ಎಂದಳು. "ಒಂದು ಮಾತು ಕೇಳ್ಲೇನ್ರಿ? ಅಲ್ಲಿ ಒಳಗ ಇದ್ದಾವ್ರ ಉಸಿರು ಒಂದ್ ಬೊಗಸಿ ಕಡಿಮಿ ಆದ್ರ ನಿಮಗ ಗೊತ್ತಾಗ್ತೈತಿ. ನಾವೂ ಇಲ್ಲಿ ಉಸಿರಾಡ್ತೇವಿ. ಇದನ್ನ ಅಳಿಯೂ ಮಿಷೀನ ಇಲ್ಲೇನ್ರಿ ನಿಮ್ಮ ಹಂತ್ಯಾಕ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಲು ಕೇಳಿದಂತಿತ್ತು. ಒಳಗೆ ಅವಳ ತಾಯಿ ಮಲಗಿದಲ್ಲೇ ಬೀಸಣಿಗೆ ಆಡಿಸುತ್ತಿದ್ದಳು.

ಝೀನತ್‌ಗೆ ಅಂದು ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಕೂತಳು, ಎದ್ದಳು, ಕಿಟಕಿಗೆ ಹೋಗಿ ಬಂದಳು. ಮಧ್ಯಾಹ್ನ ದಾಟಿದ ಮೇಲೆ ಉಗ್ರಾಣದಿಂದ ಒಂದು ಉಸಿರುಮಾಪಕ ತೆಗೆದುಕೊಂಡು ಶೆಡ್ಡಿಗೆ ಹೋದಳು. ತಗಡಿಗೆ ಮೊಳೆ ಹೊಡೆಯಲು ಆಗದೆ ಬಿದಿರಿನ ಗಳುವಿಗೆ ತಂತಿ ಸುತ್ತಿ ಕಟ್ಟಿದಳು. ದುರ್ಗವ್ವನ ಮಕ್ಕಳು ಸುತ್ತ ನಿಂತು ನೋಡಿದರು.

ಮರುದಿನ ಬೆಳಿಗ್ಗೆ ಇನಾಮದಾರರು ಕೊಠಡಿಗೆ ಬಂದು, ಎಂದಿನಂತೆ ಪರದೆಯ ಮುಂದೆ ನಿಂತು ಚಹಾ ಕುಡಿಯತೊಡಗಿದರು. ಎಲ್ಲ ಚೌಕಗಳ ಕೆಳಗೆ, ಒಂದು ಮೂಲೆಯಲ್ಲಿ, ಹೊಸದೊಂದು ಚೌಕ ಇತ್ತು. ಉಳಿದ ಚೌಕಗಳಲ್ಲಿ ಹಸಿರು, ಹಳದಿ. ಅದು ಮಾತ್ರ ಗಾಢ ಕೆಂಪು. ಅವರು ಲೋಟ ಕೆಳಗಿಟ್ಟು ಹತ್ತಿರ ಹೋದರು.

"ಮಾಪಕ ಕೆಟ್ಟದ ಏನು ಇದರದು?"

"ಇಲ್ರಿ. ಎರಡು ಸಲ ನೋಡೇನಿ."

"ಇಷ್ಟು ಮಂದಿ ಇಷ್ಟು ಸಣ್ಣ ಜಾಗದಾಗ ಇರಾಕ ಹೆಂಗ ಬಿಟ್ರಿ? ಯಾವ ಬ್ಲಾಕಿನ ಮನಿ ಇದು?"

"ಇನ್ನೂ ಕಟ್ಟಿಲ್ರಿ, ಸರ್."

ಇನಾಮದಾರರು ತಿರುಗಿ ಅವಳನ್ನು ನೋಡಿದರು. ಆಮೇಲೆ ಕಿಟಕಿಯಾಚೆ ಶೆಡ್ಡುಗಳ ಕಡೆ, ಮತ್ತೆ ಪರದೆಯ ಕಡೆ ನೋಡಿದರು. ಮರುವಾರ ರಾಜಧಾನಿಯಿಂದ ಅಧಿಕಾರಿಗಳು ಈ ಪರದೆ ನೋಡಲು ಬರುವವರಿದ್ದರು. ಆ ಚೌಕವನ್ನು ತೆಗೆಯಲು ಹೇಳುತ್ತಾರೆಂದು ಝೀನತ್ ಕಾದಳು. ಚಹಾ ಆರುತ್ತಿತ್ತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು.

"ಉಳಿದ ಶೆಡ್ಡಿಗೆ ಸಾಲುವಷ್ಟು ಮಾಪಕ ಉಗ್ರಾಣದಾಗ ಅದಾವೇನು?" ಎಂದು ಕೇಳಿದರು.